ಮಹಾದೇವಿಯ ಕೈಗೆ ಗೊತ್ತಿದ್ದ ಅಕ್ಷರಗಳು

ಮಾಲಕ ಎನ್ನಿಸಿಕೊಂಡವನಿಗೆ ಒಂದು ಭ್ರಮೆ ಇರುತ್ತದೆ. ಬಾಗಿಲ ಮೇಲಿನ ಬೋರ್ಡು ತನ್ನ ಹೆಸರಿನಲ್ಲಿದೆ, ಬೀಗದ ಕೈ ತನ್ನ ಜೇಬಿನಲ್ಲಿದೆ, ಆದ್ದರಿಂದ ಒಳಗೆ ನಡೆಯುವ ಕೆಲಸವೂ ತನ್ನಿಂದಲೇ ನಡೆಯುತ್ತದೆ ಎಂದು ಅವನು ನಂಬಿರುತ್ತಾನೆ. ಎಂಬತ್ತರ ದಶಕದಲ್ಲಿ ಕುಂದಗೋಳದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಸಣ್ಣ ಅಚ್ಚುಕೂಟವಿದ್ದಾಗ ಈ ಭ್ರಮೆ ನನಗೂ ಸಾಕಷ್ಟು ಇತ್ತು. ಬೆಳಿಗ್ಗೆ ಬೀಗ ತೆಗೆದು, ಊದಿನಕಡ್ಡಿ ಹಚ್ಚಿ, ಬಂದವರಿಗೆ ಚಹಾ ತರಿಸಿ, ಮದುವೆಯ ಕಾಗದ ಯಾವ ಬಣ್ಣದ್ದಿರಬೇಕು ಎಂದು ಅರ್ಧ ತಾಸು ಚರ್ಚೆ ಮಾಡಿದರೆ ಅಂದಿನ ದುಡಿಮೆ ಮುಗಿಯಿತು ಎಂದುಕೊಳ್ಳುತ್ತಿದ್ದೆ. ಒಳಗೆ ಮಹಾದೇವಿ ನಿಂತಿರುತ್ತಿದ್ದಳು.

ಮಹಾದೇವಿ ಯರಗುಪ್ಪಿಯವಳು. ಮ್ಯಾಟ್ರಿಕ್ ಮುಗಿಸಿದ ವರ್ಷವೇ ನಮ್ಮಲ್ಲಿಗೆ ಬಂದು ಮೊಳೆ ಜೋಡಿಸುವ ಕೆಲಸ ಕಲಿತಳು. ಮೊಳೆ ಎಂದರೆ ಗೋಡೆಗೆ ಹೊಡೆಯುವುದಲ್ಲ, ಅಚ್ಚಿನ ಸೀಸದ ಅಕ್ಷರ. ಒಂದೊಂದು ಅಕ್ಷರಕ್ಕೂ ಕಟ್ಟಿಗೆಯ ಕೇಸಿನಲ್ಲಿ ಒಂದೊಂದು ಗೂಡು. ಅಲ್ಲಿಂದ ಹೆಕ್ಕಿ, ತಿರುವುಮುರುವಾಗಿ ಸಾಲು ಕಟ್ಟಿದರೆ ಕಾಗದದ ಮೇಲೆ ನೆಟ್ಟಗೆ ಮೂಡುತ್ತದೆ. ಹನ್ನೊಂದು ವರ್ಷ ಆಕೆ ಯರಗುಪ್ಪಿಯ ಬಸ್ಸಿನಲ್ಲಿ ಬಂದು, ಅದೇ ಬಸ್ಸಿನಲ್ಲಿ ಹೋದಳು. ಗಿರಾಕಿಗಳು ಬರೆದು ತಂದದ್ದರಲ್ಲಿ ತಪ್ಪಿದ್ದರೆ ಕೇಳದೆಯೇ ತಿದ್ದುತ್ತಿದ್ದಳು. ಒಮ್ಮೆ ಹೆಡ್‌ಮಾಸ್ತರರೊಬ್ಬರ ಬೀಳ್ಕೊಡುಗೆ ಪತ್ರದಲ್ಲಿ ಏಳು ತಪ್ಪು ತಿದ್ದಿದಳು. ಅವರು ಸಿಟ್ಟಾಗಿ ಬಂದು, ನಿಘಂಟು ನೋಡಿ, ತಣ್ಣಗಾಗಿ ಹೋದರು. ಆ ಕೀರ್ತಿಯನ್ನು ನಾನೇ ಇಟ್ಟುಕೊಂಡೆ.

ಒಂದು ದಿನ ಆಕೆ ಕೈಗೆ ಹತ್ತಿದ ಮಸಿ ಒರೆಸಿಕೊಳ್ಳುತ್ತ ನನ್ನ ಮೇಜಿನ ಮುಂದೆ ಬಂದು ನಿಂತಳು. “ಮಾಲಕರ, ನನಗ ನಮ್ಮೂರಾಗ ಅಂಗನವಾಡಿ ಕೆಲಸ ಸಿಕ್ಕೈತ್ರಿ. ಬರೂ ತಿಂಗಳ ಒಂದನೇ ತಾರೀಖಿಗೆ ಹಾಜರಾಗಬೇಕ್ರಿ.”

ಎದೆ ಧಸಕ್ಕೆಂದಿತು. ಆದರೆ ಮಾಲಕನಿಗೆ ಎದೆ ಇರುವುದು ಹೊರಗೆ ಕಾಣಬಾರದು. ಬಹಳ ಸಂತೋಷವೆಂದೆ. ಯಾರು ಹೋದರೂ ಕೆಲಸ ನಿಲ್ಲುವುದಿಲ್ಲವೆಂಬ ಒಂದು ಉಪದೇಶವನ್ನೂ ಸೇರಿಸಿದೆ. ಯಾವ ಗೂಡಿನಲ್ಲಿ ಯಾವ ಅಕ್ಷರವಿದೆ ಎಂದು ಒಂದು ಹಾಳೆಯ ಮೇಲೆ ಬರೆದುಕೊಡಲೇ ಎಂದು ಆಕೆ ಕೇಳಿದಾಗ, ಕನ್ನಡದ ಅಕ್ಷರಮಾಲೆ ನನಗೂ ಬರುತ್ತದೆ ಎಂದು ನಕ್ಕೆ. ಆಕೆ ನಗಲಿಲ್ಲ. ಹೋಗುವ ದಿನ ಕೇಸುಗಳನ್ನೆಲ್ಲ ಧೂಳು ಹೊಡೆದು, ಅವಕ್ಕೊಂದು ನಮಸ್ಕಾರ ಮಾಡಿ ಹೋದಳು. ನನಗೂ ಮಾಡಿದಳು, ಆಮೇಲೆ.

ಹುಬ್ಬಳ್ಳಿಯಿಂದ ಮೊಳೆ ಜೋಡಿಸುವ ಒಬ್ಬ ಅನುಭವಸ್ಥ ಕಂಪೋಸಿಟರನನ್ನು ಕರೆಸಿದೆ. ಆತ ಕೇಸಿನ ಮುಂದೆ ಒಂದು ತಾಸು ನಿಂತು, ಇದು ತಾನು ಕಂಡ ಯಾವ ಪದ್ಧತಿಯೂ ಅಲ್ಲವೆಂದ. ನಿಜವೇ. ಮಹಾದೇವಿಯ ಎತ್ತರ ಕಡಿಮೆ. ನಮ್ಮ ಕಡೆ ‘ಅಪ್ಪ’, ‘ಅವ್ವ’, ‘ಬಸವ’, ‘ಗೌಡ’ ಇಲ್ಲದೆ ಯಾವ ಕಾಗದವೂ ಮುಗಿಯುವುದಿಲ್ಲ. ಅವುಗಳ ಅಕ್ಷರಗಳನ್ನೆಲ್ಲ ಆಕೆ ಕೈಗೆ ಸಮೀಪ ಇಟ್ಟುಕೊಂಡು, ಉಳಿದವನ್ನು ಖಾಲಿ ಇದ್ದ ಗೂಡಿಗೆ ತಳ್ಳಿದ್ದಳು. ‘ಕ್ಷ’ ಹುಡುಕಲು ಹೋದ ಕಂಪೋಸಿಟರ ಎರಡನೆಯ ದಿನ ಊಟಕ್ಕೆಂದು ಹೊರಗೆ ಹೋದವನು ಹುಬ್ಬಳ್ಳಿಯಲ್ಲೇ ಊಟ ಮಾಡಿರಬೇಕು, ತಿರುಗಿ ಬರಲಿಲ್ಲ.

ಅಷ್ಟರಲ್ಲಿ ನಮ್ಮ ಓಣಿಯ ನಿಂಗಪ್ಪ ಕಾಕಾ ಮಗಳ ಮದುವೆಯ ಕಾಗದ ಮಾಡಿಸಲು ಬಂದರು. ವರನ ಕಡೆಯವರು ಅಣ್ಣಿಗೇರಿಯವರು, ವರನ ತಂದೆ ಕಲ್ಲಪ್ಪನವರದು ಅಲ್ಲಿ ರೈತರ ಕಾಳುಕಡಿಯನ್ನು ದಲಾಲಿ ಹಿಡಿದು ಮಾರಿಕೊಡುವ ಅಡತಿ ಅಂಗಡಿ. ಕಾಕಾನಿಗೆ ದೊಡ್ಡ ಮನೆತನದ ಬೀಗತನವೆಂಬ ಹಿಗ್ಗು, ಅದರ ಜೊತೆಗೆ ಅಷ್ಟೇ ಅಂಜಿಕೆ. ನಾನು ಧೈರ್ಯ ಹೇಳಿ, ಚಷ್ಮಾ ಏರಿಸಿ, ಸ್ವತಃ ಮೊಳೆ ಜೋಡಿಸಲು ನಿಂತೆ. ಹನ್ನೆರಡು ಸಾಲಿಗೆ ಎರಡು ದಿನ ಹಿಡಿಯಿತು. ಕತ್ತು ಗಳದಂತೆ ಸೆಟೆದುಕೊಂಡಿತು. ಆದರೂ ಅಚ್ಚಾದ ಕಾಗದ ಕೈಯಲ್ಲಿ ಹಿಡಿದಾಗ ಆದ ಆನಂದ ನನ್ನ ಮದುವೆಯಲ್ಲೂ ಆಗಿರಲಿಲ್ಲ. ಆ ಹುಮ್ಮಸ್ಸಿನಲ್ಲಿ ಕಟ್ಟಿದ ಅಕ್ಷರಗಳನ್ನೆಲ್ಲ ಅಂದೇ ಬಿಚ್ಚಿ, ತೋಚಿದ ಗೂಡುಗಳಿಗೆ ತುಂಬಿಬಿಟ್ಟೆ.

ಮೂರನೆಯ ದಿನ ನಿಂಗಪ್ಪ ಕಾಕಾ ಬಂದು ಒಂದು ಕಾಗದವನ್ನು ಮೇಜಿನ ಮೇಲಿಟ್ಟು, ಒಂದು ಹೆಸರಿನ ಕೆಳಗೆ ಬೆರಳಿಟ್ಟರು. ಕಲ್ಲಪ್ಪ ಎಂದು ಇರಬೇಕಾದಲ್ಲಿ ಕಳ್ಳಪ್ಪ ಎಂದಿತ್ತು. ಪದ್ಧತಿಯಂತೆ ಮೊದಲನೆಯ ಕಾಗದ ದೇವರ ಮುಂದೆ, ಎರಡನೆಯದು ಬೀಗರ ಮನೆಗೆ. ಅಣ್ಣಿಗೇರಿಗೆ ಅದು ಮುಟ್ಟಿತ್ತು. ಬೀಗತಿ ಊಟ ಬಿಟ್ಟು ಕುಳಿತಿದ್ದಾರೆಂದು ಸುದ್ದಿಯೂ ಬಂದಿತ್ತು. ಕಾಕಾ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ.

“ನನ್ನ ಮಗಳ ಬಾಳೇವು ಐತಿ ಇದರಾಗ,” ಎಂದರು ಮೆಲ್ಲಗೆ. “ಈ ಸಲ ಮಾದೇವಿ ಓದಿದ ಮ್ಯಾಲೇ ಅಚ್ಚು ಹಾಕು. ಆಮ್ಯಾಲೆ ನೀನ ನನ್ನ ಜೋಡಿ ಅಣ್ಣಿಗೇರಿಗೆ ಬಾ.”

ಮರುದಿನ ಬೆಳಿಗ್ಗೆ ಯರಗುಪ್ಪಿಯ ಬಸ್ಸು ಹತ್ತಿದೆ. ಹನ್ನೊಂದು ವರ್ಷದಲ್ಲಿ ಆ ಬಸ್ಸಿನಲ್ಲಿ ನಾನು ಕುಳಿತದ್ದು ಅದೇ ಮೊದಲು. ಕುಳಿತೆ ಎನ್ನುವುದೂ ಸುಳ್ಳು, ಒಂದು ಕಾಲಿನ ಮೇಲೆ ನಿಂತಿದ್ದೆ. ದಿನಾ ಹೀಗೆ ಬಂದವಳಿಗೆ ಐದು ನಿಮಿಷ ತಡವಾದರೆ ಗಡಿಯಾರ ತೋರಿಸುತ್ತಿದ್ದೆನಲ್ಲ ಎಂದು ದಾರಿಯುದ್ದಕ್ಕೂ ನಾಚಿಕೆಯಾಯಿತು.

ಅಂಗನವಾಡಿ ಎಂದರೆ ಒಂದೇ ಖೋಲಿ. ಚಾಪೆಯ ಮೇಲೆ ಇಪ್ಪತ್ತು ಮಕ್ಕಳು, ನಡುವೆ ಮಹಾದೇವಿ. ನನ್ನನ್ನು ಕಂಡು ಎದ್ದು ನಿಂತು ನೀರು ಕೊಟ್ಟಳು. ಕಾಗದ ನೋಡಿದಳು. ಕಳ್ಳಪ್ಪನ ಮೇಲೆ ಕಣ್ಣು ನಿಂತಿತು. ಸೆರಗನ್ನು ಬಾಯಿಗೆ ಹಿಡಿದು ಗೋಡೆಯ ಕಡೆ ತಿರುಗಿದವಳು ಬಹಳ ಹೊತ್ತು ಈ ಕಡೆ ತಿರುಗಲಿಲ್ಲ. ಆಮೇಲೆ ಗಂಭೀರಳಾಗಿ, ಮಕ್ಕಳನ್ನು ಬಿಟ್ಟು ಬರಲಾಗುವುದಿಲ್ಲ, ಗೂಡುಗಳ ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ ಎಂದಳು. ಆದರೆ ಬಾಯಿಂದ ಹೇಳಲು ಹೋದರೆ ಒಂದೂ ನೆನಪಾಗಲಿಲ್ಲ. ತಲೆಗೆ ಅದು ಗೊತ್ತೇ ಇರಲಿಲ್ಲ, ಗೊತ್ತಿದ್ದದ್ದು ಕೈಗೆ. ಕಡೆಗೆ ಕಣ್ಣು ಮುಚ್ಚಿ ನಿಂತು, ಎದುರಿಗೆ ಕೇಸು ಇದೆ ಎಂದುಕೊಂಡು, ‘ಬಸವರಾಜ’ ಎಂದು ಗಾಳಿಯಲ್ಲಿ ಜೋಡಿಸತೊಡಗಿದಳು. ಕೈ ಹೋದಲ್ಲಿ ಗೂಡು. ನಾನು ಚಾಪೆಯ ಮೇಲೆ ಕೂತು ಬರೆದುಕೊಂಡೆ. ಮಕ್ಕಳಿಗೆ ಅದು ಹೊಸ ಆಟವೆನ್ನಿಸಿ, ಇಪ್ಪತ್ತೂ ಎದ್ದು, ಕಣ್ಣು ಮುಚ್ಚಿ ಗಾಳಿಯಲ್ಲಿ ಕೈ ಆಡಿಸತೊಡಗಿದವು. ಬಾಗಿಲಲ್ಲಿ ಬಂದು ನಿಂತ ಅಡಿಗೆಯ ಮುದುಕಿ ನನ್ನನ್ನು ಯಾರೋ ದೊಡ್ಡ ಸಾಹೇಬನೆಂದು ತಿಳಿದು ಉಪ್ಪಿಟ್ಟು ತಂದುಕೊಟ್ಟಳು. ತಿಂದೆ.

ಎದ್ದು ಹೊರಡುವಾಗ, ನಮ್ಮಲ್ಲಿ ಏನು ಕಡಿಮೆಯಾಗಿತ್ತು ಎಂದು ಕೇಳಿಯೇಬಿಟ್ಟೆ.

“ಕಡಿಮಿ ಏನೂ ಇರಲಿಲ್ರಿ. ಹನ್ನೊಂದ ವರ್ಷ ತಿರುವುಮುರುವು ಅಕ್ಷರ ನೋಡಿನ್ರಿ. ಇಲ್ಲೆ ಹಲಗಿ ಮ್ಯಾಲೆ ನೆಟ್ಟಗ ಬರೀತೀನಿ. ಬರದದ್ದನ್ನ ಹುಡುಗೂರು ಗಟ್ಟಿಯಾಗಿ ಓದತಾವ್ರಿ.”

ಬರೆದುಕೊಂಡ ಹಾಳೆ ಹಿಡಿದು ಮರಳಿ ಬಸ್ಸು ಹತ್ತಿದೆ.

ನಾನು ತುಂಬಿದ ಗೂಡುಗಳನ್ನೆಲ್ಲ ನೆಲಕ್ಕೆ ಸುರಿದು, ಆಕೆಯ ಲೆಕ್ಕದಂತೆ ತಿರುಗಿ ಹಾಕಲು ಎರಡು ದಿನ ಹಿಡಿಯಿತು. ಮತ್ತೆ ಜೋಡಿಸಿದೆ. ಪ್ರೂಫನ್ನು ಕಂಡಕ್ಟರನ ಕೈಯಲ್ಲಿ ಯರಗುಪ್ಪಿಗೆ ಕಳಿಸಿ, ತಿದ್ದಿ ಬಂದ ಮೇಲೆಯೇ ಅಚ್ಚು ಹಾಕಿದೆ. ಕಾಕಾನ ಜೊತೆ ಹೊಸ ಕಾಗದಗಳ ಗಂಟು ಹಿಡಿದು ಅಣ್ಣಿಗೇರಿಗೆ ಹೋದೆ. ಕಲ್ಲಪ್ಪನವರು ಅಂಗಡಿಯಲ್ಲಿ ಕಡಲೆಯ ಚೀಲಗಳ ನಡುವೆ ಕುಳಿತಿದ್ದರು. ತಪ್ಪು ಪೂರ್ತಿ ನನ್ನದು, ಹುಡುಗಿಯ ಮನೆಯವರದು ಏನೂ ಇಲ್ಲ ಎಂದು ಕೈಮುಗಿದೆ. ಅವರು ಹಳೆಯ ಕಾಗದ, ಹೊಸ ಕಾಗದ ಎರಡನ್ನೂ ಬಾಜುಬಾಜು ಹಿಡಿದು ನೋಡಿದರು.

“ಅಡತಿ ಅಂಗಡಿಯವನಿಗೆ ರೈತರು ಮೂವತ್ತ ವರ್ಷದಿಂದ ಇದನ್ನ ಬಾಯಿಲೆ ಅಂತಾರ. ನೀವು ಅಚ್ಚು ಹಾಕೀರಿ, ಅಷ್ಟ,” ಎಂದರು ಕಲ್ಲಪ್ಪನವರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು. ಹೊಸ ಕಾಗದವನ್ನು ತಾವೇ ಒಳಗೆ ಒಯ್ದು ಹೆಂಡತಿಗೆ ಓದಿ ತೋರಿಸಿದರು. ನಮ್ಮಿಬ್ಬರಿಗೂ ಊಟವಾಯಿತು, ಬೀಗತಿ ತಾವೇ ಬಡಿಸಿದರು. ತಿರುಗಿ ಬರುವಾಗ ಕಾಕಾ ಗಾಡಿಯಲ್ಲಿ ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋದರು. ಅದನ್ನೇ ಕ್ಷಮೆ ಎಂದುಕೊಂಡೆ.

ಮದುವೆ ಚೆನ್ನಾಗಿ ನಡೆಯಿತು. ಹೊಸ ಕಂಪೋಸಿಟರನನ್ನು ನಾನು ಹುಡುಕಲಿಲ್ಲ. ಮುಂಜಾನೆ ಬೀಗ ತೆಗೆದ ಕೂಡಲೇ ಕೇಸಿನ ಮುಂದೆ ನಿಲ್ಲುವುದು ರೂಢಿಯಾಯಿತು. ಚಹಾ ಕುಡಿಯುತ್ತ ಚರ್ಚೆ ಮಾಡುವ ಗಿರಾಕಿಗಳು ತಾವಾಗಿಯೇ ಕಡಿಮೆಯಾದರು. ಪ್ರೂಫು ಮಾತ್ರ ಬೆಳಗಿನ ಬಸ್ಸಿಗೆ ಯರಗುಪ್ಪಿಗೆ ಹೋಗಿ, ಸಂಜೆಯ ಬಸ್ಸಿಗೆ ಕೆಂಪು ಗೆರೆ ಹೊತ್ತು ಬರುತ್ತಿತ್ತು. ಆರು ತಿಂಗಳ ಮೇಲೆ ಒಂದು ಪ್ರೂಫಿನಲ್ಲಿ ಕೆಂಪು ಗೆರೆಯೇ ಇರಲಿಲ್ಲ. ಕೆಳಗೆ ಮಕ್ಕಳ ಪಾಟಿಯ ಮೇಲೆ ಬರೆಯುವಂಥ ದುಂಡನೆಯ ಅಕ್ಷರದಲ್ಲಿ ‘ಶಾಣ್ಯಾ ಆಗೀರಿ’ ಎಂದಷ್ಟೇ ಇತ್ತು. ಐವತ್ತು ದಾಟಿದ ನಾನು ಅದನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗಿ ಹೆಂಡತಿಗೆ ತೋರಿಸಿದೆ. ಆಕೆ ಓದಿ, ಹಾಗಾದರೆ ಬರುವ ವರ್ಷ ನಿಮ್ಮನ್ನು ಶಾಲೆಯ ಒಂದನೆಯ ಇಯತ್ತೆಗೆ ಹಚ್ಚಬಹುದು ಎಂದಳು.