ನಿಮ್ದು ಯಾವ ಬೆಡಗು?

ವಂಶದ ಮೂಲ ಹುಡುಕಲು ಹೊರಟವನಿಗೆ ಮೂಲ ಸಿಗುವುದು ತಡವಾಗಬಹುದು. ನಗು ಮಾತ್ರ ಪ್ರತಿ ಊರಿನಲ್ಲೂ ಸಿಗುತ್ತದೆ. ನಾನು ಹೊರಟದ್ದು ಮದುವೆಗಾಗಿ. ಬಿ.ಎಸ್ಸಿ.ಯಲ್ಲಿ ಜೊತೆಗೆ ಓದಿದ ತುರುವನೂರಿನ ಹುಡುಗಿಯನ್ನು ಕೇಳಲು ಹೋದಾಗ ಅವಳ ತಂದೆ ಕೇಳಿದ್ದು ಒಂದೇ: "ನಿಮ್ದು ಯಾವ ಬೆಡಗು?" ಬೆಡಗು ಅಂದರೆ ಗೋತ್ರದ ಹಾಗೆ, ಗಿಡವೋ ಪ್ರಾಣಿಯೋ ಅದರ ಗುರುತು; ನಮ್ಮಲ್ಲಿ ಒಂದೇ ಬೆಡಗಿನವರು ಅಣ್ಣ-ತಂಗಿ ಲೆಕ್ಕ, ಮದುವೆ ಕೂಡದು. ನಾನು ಅಪ್ಪನ ಮುಖ ನೋಡಿದೆ, ಅಪ್ಪ ನನ್ನ ಮುಖ ನೋಡಿದರು.

"ತಿಳ್ಕಂಡು ಬರ್ರಿ, ಆಮೇಲೆ ಮಾತಾಡಾಣ," ಎಂದರು ಹುಡುಗಿಯ ತಂದೆ.

ಹಗೇವು

ಮೊದಲು ಯಲ್ಲದಕೆರೆಯ ಚಿಕ್ಕಜ್ಜನನ್ನು ಕೇಳಿದೆ. ಬೆಡಗು ಅವರಿಗೂ ಮರೆತಿತ್ತು. ನಮ್ಮ ಮನೆತನಕ್ಕೆ 'ಹಗೇದೋರು' ಅನ್ನುವ ಹೆಸರು ಹೇಗೆ ಬಂತು ಅನ್ನುವುದು ಮಾತ್ರ ನೆನಪಿತ್ತು.

"ಬರ ಬಂದಾಗ ನಮ್ಮ ಹಿರೇರು ನೆಲದಾಗೆ ಕಾಳು ತುಂಬಿಡೋ ಹಗೇವು ತೆಗೆದು, ರಾಗಿ ಕೊಟ್ಟು ಊರನ್ನೇ ಸಾಕಿದ್ರು ಕಣಪ್ಪ."

ಪಕ್ಕದ ಮನೆಯ ಮುದುಕರಿಗೆ ತಡೆಯಲಾಗಲಿಲ್ಲ. "ಲೇ, ಹುಡುಗನಿಗೆ ನಿಜ ಹೇಳು. ಹಗೇವಿಗೆ ಇಳಿದೋರು ಮೇಲೆ ಬರಾಕಾಗ್ದೆ ಕೂಗ್ಕಂಡ್ರು. ಊರೋರು ಹಗ್ಗ ಬಿಟ್ಟು ಎಳೆದ್ರು."

ಚಿಕ್ಕಜ್ಜ ಬಿಡಲಿಲ್ಲ. "ಎಳೆದೋರಿಗೆ ಉಣ್ಣಾಕೆ ಇಕ್ಕಿದ್ದು ಯಾರು?"

ಜೀರಿಗೆ

ಹೊಸದುರ್ಗದ ಸೋದರತ್ತೆ ಖಚಿತವಾಗಿ ಹೇಳಿದರು: "ನಮ್ದು ಜೀರಿಗೆ ಬೆಡಗು. ನಾವು ಜೀರಿಗೆ ತಿನ್ನಂಗಿಲ್ಲ."

ಊಟಕ್ಕೆ ಕುಂತರೆ ಸಾರಿನ ತುಂಬ ಜೀರಿಗೆ. ತೋರಿಸಿದೆ.

"ಬೆಡಗು ತೌರಿಂದು," ಎಂದರು ಅತ್ತೆ. "ಸಾರು ಗಂಡನ ಮನೇದು. ಉಣ್ಣು."

ಹೆಳವರು

ಜೀರಿಗೆಯೋ ಅಲ್ಲವೋ ಖಚಿತವಾಗದೆ ಕೊನೆಗೆ ಹೊಳಲ್ಕೆರೆಯ ನಮ್ಮ ಮನೆಗೇ ಹೆಳವರನ್ನು ಕರೆಸಿದೆವು. ಮನೆಮನೆಯ ವಂಶಾವಳಿ ಹೇಳುವುದು ಅವರ ಕಸುಬು. ಅವರಜ್ಜ ಎತ್ತಿನ ಮೇಲೆ ಬರುತ್ತಿದ್ದರಂತೆ, ಇವರು ಬೈಕಿನಲ್ಲಿ ಬಂದರು. ಕುಂತವರೇ ಶುರು ಮಾಡಿದರು: ಹುತ್ತದ ಬೆಡಗು, ಮೂಲಪುರುಷ, ಅವನ ಮಗ, ಮೊಮ್ಮಗ, ಎಲ್ಲರೂ ಧೀರರು. ಒಂದು ತಲೆಮಾರು ಬಂದಾಗ ಮಾತ್ರ ಹೆಸರು ಹೇಳಿ ಬೇಗ ದಾಟಿಬಿಟ್ಟರು.

"ಅವರು ಏನು ಮಾಡಿದ್ರು?" ಎಂದೆ.

"ಅದನ್ನ ಹೇಳಬ್ಯಾಡ ಅಂತ ನಿಮ್ಮ ಮುತ್ತಜ್ಜ ನಮ್ಮಜ್ಜಗೆ ಕುರಿ ಕೊಟ್ಟಿದ್ರು."

"ಈಗ ಹೇಳ್ರಿ."

ಅವರು ಅಂಗಳದಲ್ಲಿದ್ದ ನಮ್ಮ ಟಗರನ್ನು ನೋಡಿದರು. ಅಪ್ಪ ಎದ್ದು ಹೋಗಿ ಅದನ್ನು ಹಿತ್ತಲಿಗೆ ಕಟ್ಟಿ ಬಂದರು.

ತುರುವನೂರು

ಮತ್ತೆ ತುರುವನೂರಿಗೆ ಹೋದೆವು. ಬಾಗಿಲ ಹಿಂದೆ ಹುಡುಗಿಯ ಬಳೆ ಸದ್ದು ನಿಂತಿತು.

"ನಮ್ದು ಹುತ್ತದ ಬೆಡಗು," ಎಂದರು ಅಪ್ಪ, ಹುಟ್ಟಿದಾಗಿನಿಂದ ಗೊತ್ತಿದ್ದವರ ಹಾಗೆ. "ನಿಮ್ದು?"

ಹುಡುಗಿಯ ತಂದೆ ಗಂಟಲು ಸರಿಮಾಡಿಕೊಂಡರು. ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಒಳಗೆ ಕೂಗಿದರು: "ಏನೇ, ನಮ್ದು ಯಾವ್ದೇ?"

"ನನ್ನ ತೌರಿಂದಾದ್ರೆ ಆನೆ," ಎಂದು ಅವರ ಹೆಂಡತಿ ಹೊರಗೆ ಬಂದರು. "ನಿಮ್ದು ನನ್ನ ಕೇಳಿದ್ರೆ?"

ಇವರದೂ ಹುತ್ತವೇ ಆದರೆ?

"ಹುತ್ತ ಅಂತೂ ಅಲ್ಲ ಬಿಡ್ರಿ," ಎಂದರು ಆಯಮ್ಮ. "ಆ ಬೆಡಗಿನೋರು ಹುತ್ತಕ್ಕೆ ಕೈ ಮುಗೀತಾರೆ. ಇವರು ಈ ಮನೆ ಪಾಯ ತೆಗೆಯಾಗ ಹುತ್ತ ಅಗೆದು ಹಾಕ್ಯಾರೆ, ಇವರಪ್ಪನೇ ಗುದ್ದಲಿ ಕೊಟ್ಟಿದ್ದು."

ಇದಕ್ಕಿಂತ ಒಳ್ಳೆಯ ಪುರಾವೆ ನಾನು ಪ್ರಯೋಗಾಲಯದಲ್ಲೂ ಕಂಡಿಲ್ಲ. ಅಪ್ಪ ತಲೆಯಾಡಿಸಿದರು. ಬಾಗಿಲ ಹಿಂದೆ ಬಳೆ ಮತ್ತೆ ಸದ್ದು ಮಾಡಿತು. ತಟ್ಟೆಯಲ್ಲಿ ಎಲೆ ಅಡಿಕೆ ಬಂತು.

ಹೊರಡುವಾಗ ಹುಡುಗಿಯ ತಂದೆ ನನ್ನನ್ನು ಜಗಲಿಯ ಮೂಲೆಗೆ ಕರೆದು ದನಿ ತಗ್ಗಿಸಿದರು.

"ಅಳಿಯಂದ್ರೆ, ನಿಮಗೆ ಯಾರೋ ಹೆಳವರೇ ಹೇಳಿರ್ಬೇಕು, ಅವರ ಫೋನ್ ನಂಬರ್ ಐತೇನ್ರಿ? ನಾಳೆ ಸಣ್ಣ ಮಗಳನ್ನ ನೋಡಾಕೆ ಬರ್ತಾರೆ. ಅವರನ್ನೂ ಆಗ್ಲೇ ಬೆಡಗು ಕೇಳಿಬಿಟ್ಟೀನಿ."