ಅಸಲಿ ಸೀಡಿಯ ಬೆನ್ನು ಹತ್ತಿ

ನೇಮಣ್ಣನವರು ಹುಟ್ಟಿದ್ದೇ ಬೇರೆಯವರ ತಪ್ಪು ಹಿಡಿಯಲು. ಸ್ವಂತ ತಪ್ಪೊಂದನ್ನು ಅವರು ಒಪ್ಪಿಕೊಂಡದ್ದನ್ನು ಗೋಕಾಕದಲ್ಲಿ ಕಂಡವರಿಲ್ಲ, ಕೇಳಿದವರೂ ಇಲ್ಲ. ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರರಾಗಿ ನಿವೃತ್ತರಾದವರು; ಇಂದಿಗೂ ಅವರು ಚೀಲ ಹಿಡಿದು ಪ್ಯಾಟಿಗೆ ಬಂದರೆ ತಕ್ಕಡಿಗಳು ತಾವಾಗಿಯೇ ನೆಟ್ಟಗೆ ನಿಲ್ಲುತ್ತವೆ. ಮನೆಯಲ್ಲಿ ಅವರು ಎಡವಿದರೆ ತಪ್ಪು ಹೊಸ್ತಿಲದ್ದು. ಹೆಂಡತಿ ಜಿನ್ನವ್ವ ಈ ಕಾಯಿದೆಯನ್ನು ಮದುವೆಯಾದ ಹೊಸದರಲ್ಲೇ ಅರಿತುಕೊಂಡು, ತಾವು ಮಾಡುವ ಯಾವ ಕೆಲಸವನ್ನೂ ಗಂಡನಿಗೆ ಹೇಳುವುದನ್ನೇ ಬಿಟ್ಟಿದ್ದರು.

ಅದು ೨೦೦೫ರ ಮಾರ್ಚ್ ತಿಂಗಳು. ಸೊಸೆ ಆರತಿ ಹೊಸ ಕಂಪ್ಯೂಟರ್ ತರಿಸಿ ಮುಂದಿನ ಕೋಣೆಯಲ್ಲಿ ಟೈಪಿಂಗ್ ಕೆಲಸ ಹಿಡಿದಿದ್ದಳು. ಮೊದಲ ದೊಡ್ಡ ಕೆಲಸ ನಾಗನೂರಿನ ಒಂದು ಶಾಲೆಯ ವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಗಳು. ಸೋಮವಾರ ಪರೀಕ್ಷೆ. ಶನಿವಾರ ಬೆಳಿಗ್ಗೆ ಕಂಪ್ಯೂಟರ್ ಚಾಲೂ ಆಯಿತು, ಒಂದು ಸೇರು ಹಾಲು ಕಾಯುವಷ್ಟು ಹೊತ್ತು ನಡೆಯಿತು, ಕಣ್ಣು ಮುಚ್ಚಿತು. ಮತ್ತೆ ಹಚ್ಚಿದರೆ ಮತ್ತೆ ಅದೇ ಗತಿ.

"ಪೇಪರೆಲ್ಲಾ ಒಳಗ ಅದಾವ್ರಿ ಮಾವಾರ," ಎಂದಳು ಆರತಿ. "ನಾಳಿ ಸಂಜೀಕ ಮುಟ್ಟಸಲಿಲ್ಲಂದ್ರ ಘಟಪ್ರಭಾದ ಪ್ರೆಸ್ಸಿಗೆ ಕೊಡ್ತಾರಂತ. ಮೊದಲನೇ ಕೆಲಸಾನ ಕೆಟ್ರ ಆಮ್ಯಾಲ ನನ್ನ ಕಡೆ ಯಾರ ಬರ್ತಾರ?"

"ನಾ ಅದೇನಿ," ಎಂದರು ನೇಮಣ್ಣನವರು. ಲಂಕೆಗೆ ಹಾರುವ ಮುನ್ನ ಆಂಜನೇಯನೂ ಇಷ್ಟು ಗಂಭೀರವಾಗಿ ಹೇಳಿರಲಾರ.

ಕಂಪ್ಯೂಟರ್ ಮಾರಿದ ಸ್ವಪ್ನಿಲ್‌ನ ಅಂಗಡಿಗೆ ಫೋನು ಹೋಯಿತು.

"ವಿಂಡೋಸ್ ಕೆಟ್ಟಿರಬೇಕ್ರಿ ಕಾಕಾ. ಹೊಸದಾಗಿ ಹಾಕಬೇಕಾಗ್ತೈತಿ. ಅದಕ್ಕ ಸೀಡಿ ಬೇಕು."

"ಮಷಿನ್ ಕೊಡುವಾಗ ಸೀಡಿ ಯಾಕ ಕೊಡಲಿಲ್ಲ?"

"ಈಗ ಕಂಪನಿಯವರು ಸೀಡಿ ಕೊಡೂದಿಲ್ರಿ. ಕಂಪ್ಯೂಟರಿನ ಒಳಗ ಇಟ್ಟು ಕಳಸ್ತಾರ."

"ಅಂದ್ರ ತಿಜೋರಿ ಕೀಲಿ ತಿಜೋರಿಯೊಳಗ ಇಟ್ಟು ಬಾಗಲಾ ಹಾಕ್ಯಾರ?"

"ಹಂಗ ಅನಕೋರಿ. ಒಳಗಿಂದು ಹಾಕಿದ್ರ ವೈನಿಯವರ ಪೇಪರ್ ಎಲ್ಲಾ ಅಳಿಸಿ ಹೋಗ್ತಾವ. ನನ್ನ ಕಡೆ ಕಾಪಿ ಮಾಡಿದ ಸೀಡಿ ಒಂದೈತಿ. ಬಂದು ನೋಡ್ಲ್ಯಾ?"

ಕಾಪಿ! ನೇಮಣ್ಣನವರ ಮೀಸೆ ನಡುಗಿತು. "ಖೋಟಾ ತೂಕದ ಕಲ್ಲು ಕಂಡಲ್ಲಿ ಬಾವಿಗೆ ಒಗಿಸಿದಾಂವ ನಾ. ನನ್ನ ಮನ್ಯಾಗ ಖೋಟಾ ಸೀಡಿ? ಅಸಲಿ ಇದ್ರ ಬಾ, ಇಲ್ಲಂದ್ರ ಹೊಸ್ತಿಲಾ ತುಳೀಬ್ಯಾಡ. ಇದು ಯಾರ ತಪ್ಪು ಅನ್ನೂದು ಹೊರಗ ಬರಲಿ. ಅಂವ ಯಾರ ಇರ್ಲಿ, ಗ್ರಾಹಕರ ಕೋರ್ಟಿಗೆ ಎಳೀದ ಬಿಡೂದಿಲ್ಲ."

"ಎಳೀರಿ ಕಾಕಾ," ಎಂದ ಸ್ವಪ್ನಿಲ್, ಇಂಥದನ್ನು ದಿನಾ ಕೇಳುವವನಂತೆ. "ಮೂಡಲಗಿ ಲಕ್ಕಪ್ಪಗ ಹ್ವಾದ ವರ್ಷ ಇದ ಕಂಪನೀದು ಕೊಟ್ಟೇನಿ. ಆಗ ಸೀಡಿ ಬರ್ತಿತ್ತು. ಕೇಳಿ ನೋಡ್ರಿ."

ನೇಮಣ್ಣನವರು ಕೋಟು ಹಾಕಿಕೊಂಡರು. ಜಿನ್ನವ್ವ ಅಡ್ಡ ಬಂದರು. "ಉಂಡು ಹೋಗ್ರಿ."

"ಸೀಡಿ ಬಂದ ಮ್ಯಾಲ ಊಟ."

"ಹೊತ್ತು ಮುಳುಗಿದ ಮ್ಯಾಲ ನೀವು ಉಣ್ಣೂದಿಲ್ಲ. ನೆನಪೈತಿಲ್ಲೊ?"

"ಸೂರ್ಯಾ ಕಾಯ್ತಾನ."

ಈ ಮಾತನ್ನು ಸೂರ್ಯನಿಗೆ ಯಾರೂ ತಿಳಿಸಲಿಲ್ಲ.

ಮೂಡಲಗಿಯಲ್ಲಿ ಲಕ್ಕಪ್ಪ ಬಲು ಸಂತೋಷದಿಂದ ಸೀಡಿ ತೋರಿಸಲು ಹೊರಟ. ಕಪಾಟಿನ ಕಡೆಗಲ್ಲ, ಹೊಲದ ಕಡೆಗೆ. ಸೂರ್ಯಕಾಂತಿ ಹೂಗಳ ಮೇಲೆ ತಂತಿ ಎಳೆದು, ಅದರ ತುಂಬ ಸೀಡಿಗಳನ್ನು ಜೋತುಬಿಟ್ಟಿದ್ದ. ಅವು ಬಿಸಿಲಿಗೆ ತಿರುಗಿ ತಿರುಗಿ ಮಿಂಚುತ್ತಿದ್ದವು.

"ಗಿಣಿ ಕಾಟಾ ಭಾಳ್ರಿ," ಎಂದ ಲಕ್ಕಪ್ಪ. "ಇದರಾಗ ಒಂದು ವಿಂಡೋಸ್, ಉಳದದ್ದು ತಂಗಿ ಮದವೀದು. ಗಿಣಿ ಯಾವುದಕ್ಕ ಹೆದರ್ತಾವೊ ಗೊತ್ತಿಲ್ಲ, ಒಟ್ಟ ಹೆದರ್ತಾವ."

ನೇಮಣ್ಣನವರು ಚಾಳೀಸು ಹಾಕಿಕೊಂಡು, ತುದಿಗಾಲಲ್ಲಿ ನಿಂತು, ತಂತಿಯುದ್ದಕ್ಕೂ ಒಂದೊಂದೇ ಸೀಡಿ ಹಿಡಿದು ಓದಿದರು. ಅರಿಶಿಣದ ಶಾಸ್ತ್ರ ಸಿಕ್ಕಿತು, ಅಕ್ಕಿಕಾಳು ಸಿಕ್ಕಿತು, ಬೀಗರ ಊಟ ಸಿಕ್ಕಿತು. ಕಡೆಗೆ ಅಸಲಿ ವಿಂಡೋಸ್ ಸಿಕ್ಕಿತು, ಮುದ್ರೆ ಸಮೇತ. ಕಂಪನಿಯವರು ನಡುವೆ ಕೊಟ್ಟ ತೂತು ಸಾಲದೆಂದು ಲಕ್ಕಪ್ಪ ಅಂಚಿಗೆ ಮೊಳೆ ಹೊಡೆದು ಇನ್ನೊಂದು ಮಾಡಿದ್ದ.

"ನಡುವ ಕಟ್ಟಿದ್ರ ಚಂದಂಗ ತಿರಗೂದಿಲ್ರಿ."

"ಇದು ನಿನ್ನ ತಪ್ಪು."

"ಆಗ್ಲಿ ಬಿಡ್ರಿ. ಗಿಣಿ ಅಂತೂ ಬರೂದಿಲ್ಲ."

ಇಷ್ಟು ಸಲೀಸಾಗಿ ತಪ್ಪು ಒಪ್ಪಿಕೊಳ್ಳುವವರ ಜೊತೆ ಜಗಳ ಮಾಡುವುದು ಹೇಗೆಂದು ನೇಮಣ್ಣನವರಿಗೆ ತಿಳಿಯಲಿಲ್ಲ. ತಮ್ಮ ಮನೆಯ ಮುಂದೆಯೇ ಹಾಯ್ದು ಹೋಗುವ ಬಸ್ಸಿನಲ್ಲಿ, ಮನೆಯತ್ತ ಕತ್ತು ಸಹ ಹೊರಳಿಸದೆ, ಹುಕ್ಕೇರಿಗೆ ನಡೆದರು. ಆ ಕಂಪನಿಯ ಕಂಪ್ಯೂಟರುಗಳನ್ನು ರಿಪೇರಿ ಮಾಡುವ ಮಾಳಪ್ಪ ಅಲ್ಲಿದ್ದ.

"ಸೀಡಿ ಐತ್ರಿ, ಅಸಲೀದು," ಎಂದ ಮಾಳಪ್ಪ. "ಆದ್ರ ನಿಮ್ಮ ಕೈಯಾಗ ಕೊಡೂದಿಲ್ಲ. ಅದು ಹೋದಲ್ಲಿ ನಾನೂ ಹೋಗಬೇಕು. ರೂಲ್ ಐತಿ."

ರೂಲ್ ಎಂಬ ಶಬ್ದ ಕೇಳಿ ನೇಮಣ್ಣನವರ ಮುಖ ಆ ದಿನ ಮೊದಲ ಸಲ ಅರಳಿತು. ಮಾಳಪ್ಪನ ಮೋಟರ್‌ಸೈಕಲ್ಲಿನ ಹಿಂದೆ, ಸೀಡಿಯ ಚೀಲವನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು, ಖಾಲಿ ಹೊಟ್ಟೆಯಲ್ಲಿ, ದಿಗ್ವಿಜಯ ಮುಗಿಸಿದ ಅರಸರಂತೆ ಗೋಕಾಕಕ್ಕೆ ಮರಳಿದರು. ದಾರಿಯುದ್ದಕ್ಕೂ ಕೋರ್ಟಿನಲ್ಲಿ ಯಾರನ್ನು ಮೊದಲು ನಿಲ್ಲಿಸಬೇಕೆಂಬುದನ್ನು ಮಾಳಪ್ಪನ ಬೆನ್ನಿಗೆ ವಿವರಿಸಿದರು.

ಮನೆ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು. ಜಿನ್ನವ್ವ ಮುಚ್ಚಿಟ್ಟ ತಾಟನ್ನು ಅವರ ಕಣ್ಣೆದುರೇ ಒಳಗೆ ಒಯ್ದರು.

ಮಾಳಪ್ಪ ಕುರ್ಚಿ ಎಳೆದುಕೊಂಡು ಕೂತ. "ಸೀಡಿ ಹಾಕೂ ಮುಂದ ಒಂದು ನಂಬರ್ ಬೇಕಾಗ್ತೈತ್ರಿ. ಡಬ್ಬಿ ಹಿಂದ ಚೀಟಿ ಹಚ್ಚಿರ್ತಾರ, ಓದ್ರಿ."

ನೇಮಣ್ಣನವರು ಗೋಡೆಗೆ ಒತ್ತಿ ಇಟ್ಟಿದ್ದ ಕಂಪ್ಯೂಟರಿನ ಡಬ್ಬಿಯನ್ನು ಮುಂದಕ್ಕೆ ಎಳೆದು ಬಗ್ಗಿದರು. ಬಗ್ಗಿದವರು ಏಳಲಿಲ್ಲ.

ಡಬ್ಬಿಯ ಹಿಂಬದಿಗೆ ಎರಡು ಪದರಿನ ಬಿಳಿ ಬಟ್ಟೆ ಬಿಗಿದಿತ್ತು, ಉಪ್ಪಿನಕಾಯಿ ಭರಣಿಯ ಬಾಯಿಗೆ ಬಿಗಿದ ಹಾಗೆ. ಅವರ ಹಳೆಯ ಧೋತರದ ಬಟ್ಟೆ. ಅದರ ಇನ್ನೊಂದು ತುಂಡಿನಲ್ಲಿ ಜಿನ್ನವ್ವ ದಿನಾ ಬೆಳಿಗ್ಗೆ ಕುಡಿಯುವ ನೀರು ಸೋಸುತ್ತಾರೆ, ಒಂದು ಸೂಕ್ಷ್ಮ ಜೀವಿಯೂ ಸಾಯಬಾರದೆಂದು. ದೀಪಕ್ಕೆ ಬರುವ ಹುಳಗಳು ಒಳಗೆ ಗಿರಗಿರ ತಿರುಗುವ ಫ್ಯಾನಿಗೆ ಸಿಕ್ಕರೆ ಏನಾದೀತೆಂದು ಈ ಮನೆಯಲ್ಲಿ ಯೋಚಿಸುವ ಜೀವ ಒಂದೇ.

"ನಂಬರ್ ಹೇಳ್ರಿ," ಎನ್ನುತ್ತ ಮಾಳಪ್ಪನೇ ಎದ್ದು ಬಂದ. ಬಟ್ಟೆಯನ್ನು ಫ್ಯಾನಿನ ಮೇಲಿಂದ ಬದಿಗೆ ಸರಿಸಿದ. ರೊಟ್ಟಿಯ ಹಂಚಿನ ಹತ್ತಿರ ಕೈಯಿಟ್ಟಂತಾಯಿತು. "ಪಾಪ, ಇದರ ಉಸರಾ ಕಟ್ಟೈತ್ರಿ. ಕಾದು ಕಾದು ಬಂದ್ ಬೀಳಾಕತ್ತೈತಿ. ಇದಕ್ಕ ಸೀಡಿ ಯಾಕ?"

ಆರಲು ಬಿಟ್ಟು ಮತ್ತೆ ಚಾಲೂ ಮಾಡಿದರು. ಹಾಲು ಕಾಯುವ ಹೊತ್ತು ಕಳೆಯಿತು, ಕೆನೆ ಕಟ್ಟುವ ಹೊತ್ತೂ ಕಳೆಯಿತು. ಕಂಪ್ಯೂಟರ್ ಕಣ್ಣು ಮುಚ್ಚಲಿಲ್ಲ. ಆರತಿಯ ಪ್ರಶ್ನೆಪತ್ರಿಕೆಗಳು ಒಂದಕ್ಷರ ಹೋಗದಂತೆ ಇದ್ದವು. ಪ್ರಿಂಟರು ಕಿರ್ರೆಂದು ಎಂಟನೆಯ ಇಯತ್ತೆಯ ಗಣಿತವನ್ನು ಉಗುಳತೊಡಗಿತು. ಅಸಲಿ ಸೀಡಿ ಚೀಲದಿಂದ ಹೊರಗೇ ಬರಲಿಲ್ಲ.

"ಈ ಬಟ್ಟಿ ಯಾರ ಕಟ್ಟೀರಿ?" ಎಂದ ಮಾಳಪ್ಪ.

ಜಿನ್ನವ್ವ ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು. ಆರತಿ ಪ್ರಿಂಟರಿನಿಂದ ಮುಖ ಎತ್ತಲಿಲ್ಲ. ಇನ್ನು ಬರುವ ಗುಡುಗು ಇಬ್ಬರಿಗೂ ಗೊತ್ತಿತ್ತು.

"ನಾನು," ಎಂದರು ನೇಮಣ್ಣನವರು.

"ನೀವ್ರಿ?"

"ಹುಳಾ ಹೋಗಿ ಸಾಯ್ತಾವಂತ ಕಟ್ಟಿದೆ. ತಪ್ಪಾತು."

ಆ ಕೊನೆಯ ಶಬ್ದ ಅವರ ಬಾಯಿಗೆ ಹೊಸದು. ಉಚ್ಚಾರ ಸ್ವಲ್ಪ ತೊಡರಿತು.

"ಹಂಗಾರ ನೀವ ಬಿಚ್ಚಿ ತಗೀರಿ. ಗಂಟು ಭಾಳ ಬಿಗಿ ಐತಿ," ಎಂದ ಮಾಳಪ್ಪ.

ನೇಮಣ್ಣನವರು ಕುಕ್ಕರುಗಾಲಲ್ಲಿ ಕೂತರು. ಎಡದ ಎಳೆ ಜಗ್ಗಿದರು, ಗಂಟು ಬಿಗಿಯಾಯಿತು. ಬಲದ್ದನ್ನು ಜಗ್ಗಿದರು, ಇನ್ನೂ ಬಿಗಿಯಾಯಿತು. ಉಗುರು ಹಾಕಿದರು, ಪೆನ್ನಿನ ತುದಿ ಹಾಕಿದರು, ಕಡೆಗೆ ಹಲ್ಲು ಹಚ್ಚಲು ಬಗ್ಗಿದರು. ಮಾಳಪ್ಪ ಅವರನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದ.

ಜಿನ್ನವ್ವ ಸೌಟು ಕೆಳಗಿಟ್ಟು ಬಂದರು.

"ಸರೀರಿ ಅತ್ತಾಗ. ನೀವು ಹಾಕಿದ ಗಂಟು ನಿಮಗ ಎಂದಾರ ಬಿಚ್ಚಾಕ ಬಂದೈತೇನು?" ಎಂದು ಗಂಡನ ಬಾಜೂ ಕೂತು, ಒಂದು ಎಳೆ ಹಿಡಿದು ಮೆಲ್ಲಗೆ ಎಳೆದರು.