ಅತ್ತಿಗೆಯ ನಾಯಿ, ಯಜಮಾನರ ಬೆಕ್ಕು

ನಮ್ಮ ಅತ್ತಿಗೆಗೆ ಕಣ್ಣು ಕಾಣಿಸ್ತು. ಇವತ್ತು ಬೆಳಿಗ್ಗೆ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದರು, ಚೆನ್ನಾಗಿ ಕಾಣಿಸ್ತು. ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ಸೊಸೆ ಫೋನು ಮಾಡಿ ಹೇಳಿದ ಮೇಲೆ ನನ್ನ ಕಾಲು ಮನೆಯಲ್ಲಿ ನಿಂತಿಲ್ಲ. ಎದುರುಮನೆಗೆ ಹೇಳಿದೆ, ಸೊಪ್ಪಿನವಳಿಗೆ ಹೇಳಿದೆ, ಗ್ಯಾಸು ತಂದವನಿಗೂ ಹೇಳಿದೆ. ಅವನು ‘ಯಾರಜ್ಜಿ ಅವರು?’ ಅಂದ. ಅದನ್ನ ಹೇಳೋಕೆ ಕೂತರೆ ನೀನು ತಂದ ಸಿಲಿಂಡರ್ ಖಾಲಿಯಾಗುತ್ತೆ, ಹೋಗಪ್ಪ ಅಂದೆ.

ಅವನಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಕಣ್ಣಿನ ಆಪರೇಷನ್‌ಗೆ ಅಂತ ಬರುವಾಗ ನಾಯಿಯನ್ನು ಕರಕೊಂಡು ಬಂದ ಹೆಂಗಸು ಈ ಭೂಮಿಯ ಮೇಲೆ ಇನ್ನೊಬ್ಬಳಿದ್ದರೆ ನನಗೆ ತೋರಿಸಿ.

ಅತ್ತಿಗೆ ಅಂದರೆ ನಮ್ಮ ಯಜಮಾನರ ಅಕ್ಕ. ಹಳೇಬೀಡಿನಲ್ಲಿ ಹಣ್ಣುಕಾಯಿ ಅಂಗಡಿ ಇಟ್ಟಿದ್ದಾರೆ. ಯಾರೋ ಬಿಟ್ಟುಹೋದ ನಾಯಿಮರಿಯೊಂದು ಅಂಗಡಿ ಕೆಳಗೆ ಸೇರಿಕೊಂಡಿತಂತೆ. ಅಂಗೈಯಗಲ ಇದ್ದಾಗ ಸಣ್ಣಪ್ಪ ಅಂತ ಹೆಸರಿಟ್ಟರು. ಈಗ ಅದು ಕರುವಿನಷ್ಟು ಎತ್ತರ ಬೆಳೆದಿದೆ, ಹೆಸರು ಮಾತ್ರ ಅದೇ. ಅತ್ತಿಗೆ ಪೂಜೆ ಮುಗಿಸಿ ಉಣ್ಣುವವರೆಗೆ ಸಣ್ಣಪ್ಪನಿಗೂ ಊಟವಿಲ್ಲ. ಪೂಜೆ ಆದ ಮೇಲೆ ಅವರ ಹಣೆಗೆ ಮೂರು ಗೆರೆ ವಿಭೂತಿ, ಅದರ ಹಣೆಗೆ ಒಂದು ಗೆರೆ. ‘ಅದಕ್ಯಾಕೆ ಒಂದೇ?’ ಅಂತ ಕೇಳಿದರೆ, ‘ಅದಿನ್ನೂ ಚಿಕ್ಕದು ಕಣೇ’ ಅಂತಾರೆ.

ಡಾಕ್ಟರು ಎರಡು ಕಣ್ಣಿಗೂ ಪೊರೆ ಬಂದಿದೆ, ಇನ್ನು ತಡಮಾಡಬೇಡಿ ಅಂದು ಒಂದು ವರ್ಷವಾಗಿತ್ತು. ‘ಒಂದು ಕಣ್ಣು ಚೆನ್ನಾಗೈತೆ, ಅಷ್ಟು ಸಾಕು’ ಅಂತ ಅತ್ತಿಗೆ ತಳ್ಳುತ್ತಲೇ ಬಂದರು. ಯಜಮಾನರು ದಿನಾ ಫೋನಿನಲ್ಲಿ ಬೇಡಿಕೊಂಡರು. ಕೊನೆಗೊಂದು ದಿನ ಅತ್ತಿಗೆ ಒಪ್ಪಿದರು.

‘ಬತ್ತೀನಿ ಕಣ್ಲಾ. ಆದ್ರೆ ಸಣ್ಣಪ್ಪನೂ ಬತ್ತಾನೆ. ಮನೆ ಒಳಗೇ ಇರ್ತಾನೆ.’

ಯಜಮಾನರ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ಯಾಕೆಂದರೆ ನಮ್ಮ ಮನೆಯಲ್ಲಿ ಕೆಂಚಿ ಇದ್ದಾಳೆ.

ಕೆಂಚಿ ನಮ್ಮ ಬೆಕ್ಕು. ನಮ್ಮದು ಅನ್ನಬಾರದು, ಯಜಮಾನರ ಬೆಕ್ಕು. ನಮ್ಮ ಅಟ್ಟದ ಮೇಲೆ ಕೊಬ್ಬರಿಗೆ ಅಂತ ಒಂದು ವರ್ಷದ ಕಾಯಿ ಒಣಗುತ್ತಿರುತ್ತದೆ. ಅಷ್ಟನ್ನೂ ಇಲಿಯಿಂದ ಕಾಯುವವಳು ಅವಳೊಬ್ಬಳೇ. ಮದುವೆಯಾಗಿ ನಲವತ್ತೈದು ವರ್ಷದಲ್ಲಿ ‘ಉಂಡೆಯಾ?’ ಅಂತ ನನ್ನನ್ನು ಕೇಳದ ಗಂಡಸು, ಅಟ್ಟದ ಏಣಿ ಕೆಳಗೆ ನಿಂತು ‘ಹಾಲು ಕುಡಿದ್ಯೇನವ್ವಾ?’ ಅಂತ ದಿನಕ್ಕೆರಡು ಸಲ ಅವಳನ್ನು ಕೇಳುತ್ತಾರೆ.

‘ಅಕ್ಕ, ನಮ್ಮನೇಲಿ ಬೆಕ್ಕೈತಲ್ಲ. ನಿನ್ ನಾಯಿ ಅದನ್ನ ಹಿಡಿದ್ರೆ?’

‘ನನ್ ಸಣ್ಣಪ್ಪ ಮಾಂಸದ ಮುಖ ನೋಡಿಲ್ಲ. ಇಲಿ ತಿನ್ನೋದು ನಿನ್ ಬೆಕ್ಕು. ಹಂಗೆ ನೋಡಿದ್ರೆ ಹೇಸ್ಕಬೇಕಾದವರು ನಾವು.’

ಅತ್ತಿಗೆಯೇ ಉಪಾಯವನ್ನೂ ಹೇಳಿದರು. ತಾಯಿ ಸತ್ತ ಕರುವನ್ನು ಬೇರೆ ಹಸುವಿಗೆ ಬಿಡುವಾಗ ಆ ಹಸುವಿನ ಕರುವಿನ ವಾಸನೆ ಇದಕ್ಕೆ ಹಚ್ಚುತ್ತಾರಲ್ಲ, ಹಾಗೆ ಮಾಡಬೇಕಂತೆ. ಸಣ್ಣಪ್ಪ ಮಲಗುವ ಗೋಣಿಚೀಲವನ್ನು ಅವರು ಬಸ್ಸಿನಲ್ಲಿ ಕಳಿಸುತ್ತಾರೆ, ಕೆಂಚಿ ಮಲಗುವ ಬಟ್ಟೆಯನ್ನು ನಾವು ಕಳಿಸಬೇಕು. ಎಂಟು ದಿನ ಒಬ್ಬರ ವಾಸನೆ ಒಬ್ಬರಿಗೆ ರೂಢಿಯಾದ ಮೇಲೆ ಮುಖಾಮುಖಿ. ನಮ್ಮ ಕಾಲದ ಮದುವೆಗಳಿಗೂ ಇಷ್ಟು ಮುಂದಾಲೋಚನೆ ಇರಲಿಲ್ಲ.

ಚೀಲ ಬಂತು. ನಾನು ಅವತ್ತು ಮಗಳ ಮನೆಗೆ ಹೋಗಿದ್ದೆ. ಚೀಲ ತೆಗೆದುಕೊಂಡ ಯಜಮಾನರು ಏನು ಮಾಡಬೇಕಿತ್ತು? ಕೆಂಚಿ ಹಾಲು ಕುಡಿಯುವ ಜಾಗದಿಂದ ದೂರದಲ್ಲಿ ಹಾಸಬೇಕಿತ್ತು. ಆದರೆ ಹುಟ್ಟಿದಾಗಿನಿಂದ ಅವರು ಖಾಲಿ ಚೀಲ ನೋಡಿದರೆ ಸುಮ್ಮನಿರುವವರಲ್ಲ. ಅಭ್ಯಾಸದ ಮೇಲೆ ಅದಕ್ಕೆ ಕಾಯಿ ತುಂಬಿ ಅಟ್ಟಕ್ಕೆ ಏರಿಸಿಬಿಟ್ಟರು. ಕೆಂಚಿಯ ಪಾಲಿಗೆ ಅವಳ ರಾಜ್ಯದ ನಡುಮಧ್ಯೆ ನಾಯಿ ಬಂದು ಕೂತಂತಾಯಿತು. ಅಟ್ಟ ಬಿಟ್ಟು ಇಳಿದವಳು ಫ್ರಿಜ್ಜಿನ ಮೇಲೆ ಹತ್ತಿ ಕೂತಳು. ಅದು ಗೊತ್ತಾಗಿ ಚೀಲ ಇಳಿಸುವವರೆಗೆ ನಾಲ್ಕು ದಿನ ಅಟ್ಟದಲ್ಲಿ ಇಲಿಗಳಿಗೆ ಹಬ್ಬ.

ನಾನೇನು ಕಮ್ಮಿಯೇ? ಕೆಂಚಿ ಮಲಗುತ್ತಿದ್ದದ್ದು ನನ್ನ ಹಳೇ ಸೀರೆಯ ಮೇಲೆ. ಅದನ್ನೇ ಮಡಿಚಿ ಕಳಿಸಿದೆ. ಹತ್ತು ವರ್ಷ ನಾನು ಉಟ್ಟ ಸೀರೆ, ಹತ್ತು ದಿನ ಬೆಕ್ಕು ಮಲಗಿದ ಸೀರೆ. ಅದರಲ್ಲಿ ಯಾರ ವಾಸನೆ ಜಾಸ್ತಿ ಇರುತ್ತದೆ ಹೇಳಿ? ನನಗಾಗ ಹೊಳೆಯಲೇ ಇಲ್ಲ.

ಅತ್ತಿಗೆ ಬಸ್ಸಿನಲ್ಲೇ ಬಂದಿಳಿದರು, ಸಣ್ಣಪ್ಪನ ಹಗ್ಗ ಕೈಗೆ ಸುತ್ತಿಕೊಂಡು. ಕಂಡಕ್ಟರು ‘ಅಜ್ಜಿ, ನಾಯಿಗೆಲ್ಲ ಸೀಟಿಲ್ಲ’ ಅಂದನಂತೆ. ‘ಸೀಟು ಕೇಳಿದೋರು ಯಾರು? ಅವನು ನಿಂತ್ಕಂಡೇ ಬತ್ತಾನೆ, ನೀನು ಕುಂತ್ಕ’ ಅಂದರಂತೆ. ಆ ಹುಡುಗ ಕೂತನೋ ಇಲ್ಲವೋ ಗೊತ್ತಿಲ್ಲ, ನಾಯಿಯಂತೂ ನಮ್ಮ ಅರಸೀಕೆರೆಗೆ ಬಂತು.

ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟೆ. ಅತ್ತಿಗೆ ಎರಡು ಕಾಲು ತೊಳೆದರು, ಆಮೇಲೆ ಅದರ ನಾಲ್ಕು ಕಾಲು. ಒಳಗೆ ಬಂದದ್ದೇ ಸಣ್ಣಪ್ಪ ಮೂಗೆತ್ತಿ ಮೂಸಿತು. ಫ್ರಿಜ್ಜಿನ ಮೇಲೆ ಬೆನ್ನುಬ್ಬಿಸಿ ನಿಂತಿದ್ದ ಕೆಂಚಿಯ ಕಡೆ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಚಾಪೆ ಮೇಲೆ ಕೂತಿದ್ದ ನನ್ನ ಹತ್ತಿರ ಬಂದು ಅಷ್ಟು ದೊಡ್ಡ ತಲೆಯನ್ನು ನನ್ನ ತೊಡೆ ಮೇಲಿಟ್ಟು ಕಣ್ಣು ಮುಚ್ಚಿತು. ಎಂಟು ದಿನ ಅದು ರೂಢಿ ಮಾಡಿಕೊಂಡಿದ್ದು ನನ್ನನ್ನು. ಬೀದಿ ನಾಯಿ ಕಂಡರೆ ರಸ್ತೆ ದಾಟುವ ನಾನು ಉಸಿರು ಬಿಗಿಹಿಡಿದು ಕೂತೆ. ‘ಮುಟ್ಟಜ್ಜಿ, ಏನೂ ಮಾಡಲ್ಲ’ ಅಂತ ಮೊಮ್ಮಗಳು ದೂರದಲ್ಲಿ ನಿಂತು ಧೈರ್ಯ ಹೇಳಿದಳು.

ಕೆಂಚಿ ಇದನ್ನು ನೋಡಿದಳು. ಆ ತೊಡೆ ಅವಳದು. ಮೇಲಿಂದ ಹಾರಿ ಸಣ್ಣಪ್ಪನ ಮೂತಿಗೆ ಎರಡು ಏಟು ಬಾರಿಸಿ ಮತ್ತೆ ಫ್ರಿಜ್ಜು ಹತ್ತಿದಳು. ಕರುವಿನಷ್ಟಿರುವ ನಾಯಿ ಕುಯ್ಯೋ ಅಂತ ಹಗ್ಗ ಕಿತ್ತುಕೊಂಡು ಬೀದಿಗೆ ಓಡಿತು.

ಅತ್ತಿಗೆ ಎದ್ದು ನಿಂತರು. ‘ಬಂದ ನೆಂಟನಿಗೆ ಹೊಡೆಯೋ ಮನೇಲಿ ನಾನು ನೀರೂ ಕುಡಿಯಲ್ಲ. ಆಪರೇಷನ್ನೂ ಬೇಡ, ಗೀಪರೇಷನ್ನೂ ಬೇಡ. ಈ ಬಸ್ಸಿಗೇ ವಾಪಸ್ ಹೋಯ್ತೀನಿ’ ಅಂದವರೇ ಬ್ಯಾಗು ಹಿಡಿದು ಸರಸರ ನಡೆದರು. ನಡೆದವರು ನಡುಮನೆಯ ಕಂಬಕ್ಕೆ ಹಣೆ ಹೊಡೆದುಕೊಂಡರು.

ನಮ್ಮ ಕಂಬ ಸಣ್ಣದಲ್ಲ. ಮೊಮ್ಮಗಳ ಎರಡು ಕೈಯ ತೆಕ್ಕೆಗೆ ಸಿಗುವುದಿಲ್ಲ. ಅತ್ತಿಗೆ ಹುಟ್ಟಿ ಬೆಳೆದದ್ದೇ ಈ ಮನೆಯಲ್ಲಿ.

ಯಜಮಾನರು ಹತ್ತಿರ ಹೋದರು.

‘ಅಕ್ಕ, ಒಂದು ಕಣ್ಣು ಚೆನ್ನಾಗೈತೆ ಅಂದ್ಯಲ್ಲ?’

‘ದಾರೀಲಿ ಕಂಬ ನೆಟ್ಟಿರೋದು ನನ್ ತಪ್ಪಾ?’

‘ಇದು ಎಷ್ಟು ಬೆರಳು?’

ಅತ್ತಿಗೆ ಬ್ಯಾಗು ಕೆಳಗಿಟ್ಟರು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು. ‘ಬೆಳಕು ಕಾಣುತ್ತೆ. ಆಕಾರ ಕಾಣುತ್ತೆ. ಅಂಗಡಿಗೆ ಸಣ್ಣಪ್ಪ ಕರ್ಕಂಡು ಹೋಗ್ತಾನೆ, ಮನೆಗೆ ಅವನೇ ಕರ್ಕಂಡು ಬತ್ತಾನೆ. ಅವನನ್ನ ಬಿಟ್ಟು ಹೆಂಗ್ಲಾ ಬರ್ಲಿ?’

ನಾವು ಅದನ್ನು ಇಷ್ಟು ದಿನ ಹುಚ್ಚು ಅಂದುಕೊಂಡು ನಗುತ್ತಿದ್ದೆವು. ನಾನು ಎಲ್ಲರಿಗಿಂತ ಜಾಸ್ತಿ ನಕ್ಕವಳು. ಗಟ್ಟಿ ದನಿ ಮಾಡಿ ಬೀದಿಗೆ ಹೋಗಿ ‘ಸಣ್ಣಪ್ಪಾ, ಬಾರಪ್ಪ’ ಅಂತ ಕರೆದೆ. ಅದು ನನ್ನ ಸೀರೆಯ ವಾಸನೆ ಹಿಡಿದೇ ಬಂತು.

ಯಜಮಾನರು ಕೆಂಚಿಯನ್ನು ಬುಟ್ಟಿಗೆ ಹಾಕಿದರು. ‘ತೋಟದ ಮನೆಗೆ ಬಿಟ್ಟು ಬತ್ತೀನಿ. ಅಟ್ಟದ ಕಾಯಿ ಹೋದ್ರೆ ಹೋಗ್ಲಿ’ ಅಂದರು. ಅವರ ಬಾಯಿಂದ ಆ ಮಾತು ಕೇಳಿ ನನಗೆ ಕಂಬಕ್ಕೆ ಹೊಡೆದುಕೊಂಡಷ್ಟೇ ಆಘಾತವಾಯಿತು.

ಬೇಡ ಅಂದವರು ಅತ್ತಿಗೆ. ‘ಮನೆಯೋರನ್ನ ಆಚೆ ಹಾಕಿ ನೆಂಟರನ್ನ ಕೂರಿಸ್ತಾರೇನ್ಲಾ? ಬಿಡು ಅದನ್ನ. ಉಣ್ಣೋ ಹೊತ್ತಿಗೆ ಯಾರಿಗೂ ಜಗಳ ಬೇಕಿರಲ್ಲ. ಅಲ್ಲಿಂದ ಶುರುಮಾಡಾನ.’

ಸಣ್ಣಪ್ಪನನ್ನು ಅದೇ ಕಂಬಕ್ಕೆ ಕಟ್ಟಿದೆವು. ಅದರ ಮುಂದೆ ಹಾಲುಮುದ್ದೆ, ದೂರದ ಮೂಲೆಯಲ್ಲಿ ಕೆಂಚಿಯ ಹಾಲನ್ನ. ಪ್ರತಿ ಊಟಕ್ಕೆ ಒಂದೊಂದು ಗೇಣು ತಟ್ಟೆಗಳು ಹತ್ತಿರ ಬರಬೇಕು. ಗೆರೆ ಎಳೆಯುವ ಕೆಲಸ ಮೊಮ್ಮಗಳದು. ಸೀಮೆಸುಣ್ಣ ಹಿಡಿದು ಹೈಸ್ಕೂಲು ಮೇಷ್ಟರ ಹಾಗೆ ಓಡಾಡಿದಳು. ಮೊದಲ ದಿನ ಕೆಂಚಿ ತಟ್ಟೆ ಮುಟ್ಟಲಿಲ್ಲ, ಯಜಮಾನರೂ ಮುಟ್ಟಲಿಲ್ಲ. ಎರಡನೇ ದಿನ ಬುಸುಗುಡುತ್ತಾ ತಿಂದಳು. ಮೂರನೇ ದಿನ ಕೆಂಚಿ ತನ್ನದನ್ನು ಮುಗಿಸಿ, ಗೆರೆ ದಾಟಿ ಹೋಗಿ, ಸಣ್ಣಪ್ಪನ ತಟ್ಟೆಗೆ ಬಾಯಿ ಹಾಕಿದಳು. ನಾನು ಕಣ್ಣು ಮುಚ್ಚಿಕೊಂಡೆ. ಬಿಟ್ಟು ನೋಡಿದರೆ ಸಣ್ಣಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಸೊಸೆ ಬಡಿಸಲಿ ಅಂತ ಕಾಯುವ ಮಾವನ ಹಾಗೆ ಕೂತಿತ್ತು.

‘ಏನಾಯ್ತೇ?’ ಅಂದರು ಅತ್ತಿಗೆ.

‘ನಿಮ್ ಸಣ್ಣಪ್ಪನ ಊಟ ನಮ್ ಕೆಂಚಿ ತಿಂದ್ಲು ಅತ್ತಿಗೆ.’

‘ಹಂಗಾದ್ರೆ ಆಪರೇಷನ್‌ಗೆ ದಿನ ಗೊತ್ತುಮಾಡಿಸ್ರಿ’ ಅಂದರು.

ಇವತ್ತು ಮಧ್ಯಾಹ್ನ ಕಪ್ಪು ಕನ್ನಡಕ ಹಾಕಿಕೊಂಡು ಸೊಸೆಯ ಜೊತೆ ಆಟೋ ಇಳಿದರು. ಇನ್ನೊಂದು ಕಣ್ಣು ಬರುವ ತಿಂಗಳಂತೆ. ಮೊದಲು ನೋಡಿದ್ದು ಸಣ್ಣಪ್ಪನನ್ನು. ‘ಅಯ್ಯೋ, ಇವನು ಕಂದು ಬಣ್ಣ ಕಣೇ. ನಾನು ಕರಿಯ ಅಂದ್ಕಂಡಿದ್ದೆ’ ಅಂದರು. ಆಮೇಲೆ ಮೊಮ್ಮಗಳ ಗಲ್ಲ ಹಿಡಿದು ನೋಡಿದರು. ಆಮೇಲೆ ನನ್ನನ್ನು ನೋಡಿ ‘ಹಲ್ಲು ಯಾವಾಗ ಬಿತ್ತೇ?’ ಅಂದರು.

ಸಂಜೆ ನಡುಮನೆಯಲ್ಲಿ ಎಲ್ಲರೂ ಸಾಲಾಗಿ ಉಣ್ಣಲು ಕೂತೆವು. ಮಗನೂ ತನ್ನ ಅಂಗಡಿ ಮುಚ್ಚಿ ಬೇಗ ಬಂದಿದ್ದ. ಮುದ್ದೆ, ಅವರೆಕಾಳು ಸಾರು, ಶ್ಯಾವಿಗೆ ಪಾಯಸ. ಯಜಮಾನರು ದಿನವೆಲ್ಲ ಬಿಗಿದಿರುವ ತಲೆಯ ಟವೆಲ್ಲು ಬಿಚ್ಚಿ, ಪಕ್ಕಕ್ಕಿಟ್ಟು, ಅಕ್ಕನ ಎದುರಿಗೇ ಕೂತರು.

ಅತ್ತಿಗೆ ತುತ್ತು ಎತ್ತಿದವರು ಹಾಗೇ ನಿಲ್ಲಿಸಿದರು.

‘ಏನ್ಲಾ ಇದು, ತಲೆಯೆಲ್ಲ ಬೆಳ್ಳಗಾಗೈತೆ?’

‘ಆಗಿ ಬಾಳ ದಿನ ಆಯ್ತಕ್ಕ.’

‘ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?’

ಯಾರೂ ನಗಲಿಲ್ಲ. ಅತ್ತಿಗೆ ಎಡಗೈ ಚಾಚಿ ಅವರ ತಲೆಯ ಮೇಲಿಟ್ಟರು, ನೆತ್ತಿಯಿಂದ ಹಿಂದಲೆಯವರೆಗೆ ಸವರಿದರು. ಎಪ್ಪತ್ತು ದಾಟಿದ ಗಂಡಸು ತಟ್ಟೆಯಿಂದ ತಲೆ ಎತ್ತಲಿಲ್ಲ.

‘ಸಣ್ಣಗೂ ಆಗವನೆ’ ಅಂದರು ಅತ್ತಿಗೆ ನನ್ನ ಕಡೆ ತಿರುಗಿ. ‘ಇವನಿಗೆ ಇನ್ನೊಂದು ಮುದ್ದೆ ಇಕ್ಕೇ.’

ಒಂದೇ ಮುದ್ದೆಗೆ ಸಾಕು ಅನ್ನುವವರು ಯಜಮಾನರು. ಇಕ್ಕಿದೆ, ಉಂಡರು.